ವೈನಿ ಝಾಡಿಸಿದ ಅರಿವಿ

ನಮ್ಮ ಓಣಿಯೊಳಗ ಯಾರೋ ಹಂಚಿನ ಮ್ಯಾಲ ತಂಬಾಕು ಹುರಿಯಾಕತ್ತಾರ, ಹಲ್ಲಿಗೆ ತಿಕ್ಕೂ ಮಿಶ್ರಿ ಮಾಡಾಕ. ಆ ಘಾಟಿಗೆ ಮಂದಿಗೆ ಸೀನು ಬರತಾವ, ನನಗ ನಾಚಿಕಿ ಬರತೈತಿ. ಯಾಕಂತ ಹೇಳ್ತೇನಿ, ಕೂಡ್ರಿ.

ನಮ್ಮ ವೈನಿ, ಅಂದರ ಹಿರಿ ಅಣ್ಣನ ಹೆಂಡತಿ, ಜಮಖಂಡಿಯ ನಮ್ಮ ಮನಿಗೆ ಬಂದಾಗ ನಾ ಇನ್ನೂ ಚೊಣ್ಣ ಹಾಕ್ಕೊಂಡು ಸಾಲಿಗೆ ಹೋಗಾವ. ಮುಂದ ಮುಧೋಳದ ಕಡೆ ಸಕ್ಕರಿ ಕಾರ್ಖಾನಿಯೊಳಗ ಫಿಟ್ಟರ್ ಆದೆ. ಕಬ್ಬಿನ ಹಂಗಾಮ ಮುಗದಮ್ಯಾಲ ಬಾಯ್ಲರಿನ ಉಗಿ ಪೈಪಿಗೆ ಕಾವು ಆರದಂಗ ಸುತ್ತಿದ ಹಳೇ ಅಸ್ಬೆಸ್ಟಾಸ್ ಕಿತ್ತು ಹೊಸಾದು ಸುತ್ತೂದು ನಮ್ಮ ಕೆಲಸ. ಸಂಜಿಗೆ ಅದರ ಧೂಳು ಮೆತ್ತಿ, ಹಿಟ್ಟಿನ ಗಿರಣಿಯಿಂದ ಬಂದಾವರಂಗ ಬೆಳ್ಳಗಾಗಿ ಬರ್ತಿದ್ದೆ. ವೈನಿ ಹಿತ್ತಲದಾಗ ನನ್ನ ಅಂಗಿ ಫಟಫಟ ಝಾಡಿಸಿ, ಆಮ್ಯಾಲ ನೀರಿಗೆ ಹಾಕಾಕಿ. "ಅರ್ಧಾ ಕಾರ್ಖಾನಿ ಕಿಸೇದಾಗ ತಂದೀಯೇನೋ ತಮ್ಮಾ!" ಅಂತ ನಗಾಕಿ. ನನ್ನ ಲಗ್ನ ಆದಮ್ಯಾಲೂ ಅಂಗಿ ವೈನೀನ ಒಗೀಬೇಕು ಅನ್ನೂ ಹಟ ನಂದು. ಹೆಂಡತಿ ಒಗದರ ಸ್ವಚ್ಛ ಆಗೂದಿಲ್ಲಂತ! ಎಂಥಾ ಸಾಹೇಬ ನೋಡ್ರಿ.

ನಾ ರಿಟೈರ್ ಆಗಿ ಎಷ್ಟೋ ವರ್ಷಕ್ಕ ವೈನಿಗೆ ದಮ್ಮು ಹತ್ತಿತು. ಪುಪ್ಪುಸದ ಸುತ್ತ ನೀರು ತುಂಬಿತು. ಮಂದಿ ಎಲ್ಲಾ ಬೆರಳು ಮಾಡಿದ್ದು ಅಕಿ ದಿನಾ ತಿಕ್ಕೂ ಮಿಶ್ರಿಗೆ. ನಾನೂ ಬೈದೆ. ಅಕಿ ಮಿಶ್ರಿ ಡಬ್ಬಿ ತಿಪ್ಪಿಗೆ ಒಗದು, "ತಪ್ಪು ನಂದ ಐತಿ" ಅಂತ ಅತ್ತಳು.

ಬೆಳಗಾವಿ ದವಾಖಾನಿಯೊಳಗ ತಪಾಸಣಿ ಮಾಡಿದ ಡಾಕ್ಟರು ನನ್ನೊಬ್ಬನ್ನ ಒಳಗ ಕರದರು. ಮಿಶ್ರಿ ಮಾತು ತಗೀಲೇ ಇಲ್ಲ. "ಇದು ಪುಪ್ಪುಸದ ಹೊದಿಕಿಯ ಕ್ಯಾನ್ಸರ್ ರೀ, ಮೆಸೋಥೆಲಿಯೋಮಾ. ಅಸ್ಬೆಸ್ಟಾಸಿನ ಸಣ್ಣ ಎಳಿ ಉಸಿರಿನ ಕೂಡ ಒಳಗ ಹೋದರ ಎಷ್ಟೋ ದಶಕ ಸುಮ್ಮನ ಕುಂತಿರತಾವ. ಕೆಲಸದ ಅರಿವಿಗೆ ಹತ್ತಿಕೊಂಡು ಮನಿಗೂ ಬರತಾವ. ಮನ್ಯಾಗ ಯಾರರ ಅದರ ಕೆಲಸ ಮಾಡತಿದ್ರೇನು?"

"ಇಲ್ರೀ" ಅಂದೆ.

ಅಷ್ಟಕ್ಕ ಬಿಡಲಿಲ್ಲ. ಮನಿಗೆ ಬಂದು, ಕೇಳಿದಾವರಿಗೆಲ್ಲಾ, ಅಕಿ ಮುಂದನ, "ತಂಬಾಕಿಂದ" ಅಂದೆ. ಥೂ ನನ್ನ! ಎಂಟು ದಿನ ಅಕಿ ಮಾರಿ ನೋಡಲಿಲ್ಲ. ಒಂಬತ್ತನೇ ದಿನ ಗಂಜಿ ಕುಡಸೂಮುಂದ ತಡಕೊಳ್ಳಾಕ ಆಗಲಿಲ್ಲ, ಎಲ್ಲಾ ಹೇಳಿಬಿಟ್ಟೆ.

ವೈನಿ ದಮ್ಮು ಎಳಕೋತ ಗಂಜಿ ಬಟ್ಟಲಾ ಬದಿಗೆ ಸರಿಸಿದಳು. "ಅಂಗಿ ಒಗಿಯೂಮುಂದ ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದು ಹೋಗಲಿ. ಈ ಎಂಟು ದಿನ ನಿನಗ ಗೊತ್ತಿತ್ತಲ್ಲೋ ತಮ್ಮಾ? ನಾ ಅಳಾಕತ್ತಿದ್ದು ಕಾಣಲಿಲ್ಲ?"

ಎರಡು ತಿಂಗಳಿಗೆ ಅಕಿ ಹೋದಳು.

ಈಗ ಬಸ್ ಹತ್ತಿ ನನ್ನ ಕೂಡ ಪೈಪ್ ಸುತ್ತಿದಾವರ ಮನಿ ಹುಡಕ್ಕೊಂಡು ಹೋಗ್ತೇನಿ. ಬೀಳಗಿ ಆತು, ರಬಕವಿ ಆತು. ತಪಾಸಣಿ ಮಾಡಿಸ್ಕೋ ಅಂತ ಹೇಳ್ತೇನಿ, ಆದರ ಮೊದಲ ಕೇಳೂದು, "ಅವಾಗ ನಿನ್ನ ಅರಿವಿ ಯಾರು ಒಗೀತಿದ್ರೋ?" ಅಂತ. ನಿನ್ನೆ ಬನಹಟ್ಟಿಯ ಗೆಳೆಯ ನಕ್ಕೋತ, "ಇಕೀನ, ಮತ್ಯಾರು?" ಅಂದು ಅಡಗಿಮನಿ ಕಡೆ ಕೈ ಮಾಡಿದ. ಅವನ ಹೆಂಡತಿ ಚಾ ಹಿಡಕೊಂಡು ಹೊರಗ ಬಂದಳು. ಅಕಿ ಮಾರಿ ನೋಡಿಕೋತನ ಅಂದೆ: "ಕೂಡ್ರಿ ಅಕ್ಕಾರ, ನಿಮಗ ಒಂದು ಮಾತು ಹೇಳೂದೈತಿ."