ಮೀನಿನಕ್ಕ ಕೇಳಿದ ಕಾದಂಬರಿ

ಕಳೆದ ವಾರ ಕುಲಶೇಖರದ ನಮ್ಮ ಮನೆಯ ಕಪಾಟು ಒರೆಸುವಾಗ ಹಳೆಯ ಕಾದಂಬರಿಯೊಂದು ಕೈಗೆ ಬಂತು. ಪುಟಗಳ ನಡುವೆ ಒಣಗಿದ ಮೀನಿನ ಹುರುಪೆ ಅಂಟಿಕೊಂಡಿತ್ತು.

ನಾನಾಗ ಎಂಟನೇ ಕ್ಲಾಸು. ಬುಟ್ಟಿ ಹೊತ್ತು ಮನೆ ಮನೆಗೆ ಬರುತ್ತಿದ್ದ ಮೀನಿನಕ್ಕ ಮಧ್ಯಾಹ್ನ ನಮ್ಮ ಗೇಟಿನ ಹೊರಗಿನ ಕಟ್ಟೆಯಲ್ಲಿ ಕೂತು ಊಟ ಮಾಡುತ್ತಿದ್ದರು. ಓದು ಬಾರದ ಅವರಿಗೆ ನಾನು ಈ ಕಾದಂಬರಿ ಓದಿ ಹೇಳುತ್ತಿದ್ದೆ. ಅವರ ಬುತ್ತಿಯಿಂದ ಹುರಿದ ಬಂಗುಡೆ ಮೀನಿನ ತುಂಡೊಂದು ನನಗೆ. ಕತೆಯ ಹುಡುಗ, ತನ್ನ ತಪ್ಪಿಗೆ ಗೆಳೆಯ ಪೆಟ್ಟು ತಿನ್ನುವುದನ್ನು ನೋಡಿಯೂ ಸುಮ್ಮನಿರುತ್ತಾನೆ.

"ಇವನ ಬಾಯಿಯಲ್ಲಿ ಕಡುಬು ಉಂಟಾ ಮಾರಾಯ್ತಿ?" ಎಂದು ಅಕ್ಕ ಸಿಟ್ಟಾದರು. ನಾನೂ ಸೇರಿಕೊಂಡು ನಾಲ್ಕು ಬೈದೆ. ಪುಸ್ತಕದವರಿಗೆ ಬುದ್ಧಿ ಹೇಳುವುದು ಎಷ್ಟು ಸುಲಭ! ಕೊನೆಯ ಅಧ್ಯಾಯ ಮರುದಿನಕ್ಕೆ ಉಳಿಯಿತು.

ಮರುದಿನ ಮನೆಯಲ್ಲಿ ತಂಬಿಲ. ವರ್ಷಕ್ಕೊಮ್ಮೆ ದೈವಕ್ಕೆ ನಡೆಯುವ ಪೂಜೆ. ಅದು ಮುಗಿಯುವ ತನಕ ಮನೆಯವರು ಮೀನು ಮುಟ್ಟುವಂತಿಲ್ಲ. ಅಕ್ಕನಿಗೆ ಇದು ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ… ಹೇಳಿದರೆ ಬಂಗುಡೆ ತಪ್ಪುತ್ತಿತ್ತಲ್ಲ. ಪೂಜೆಗೆಂದು ಕೊಯ್ದ ಕೇಪಳ ಹೂವಿನ ಹರಿವಾಣವನ್ನು ಕಟ್ಟೆಯ ಮೇಲಿಟ್ಟು ಅಕ್ಕ ಕೊಟ್ಟ ತುಂಡು ತಿಂದೆ. ಅದೇ ಕೈಯಲ್ಲಿ ಹೂವು ಸರಿಪಡಿಸಿ ಚಾವಡಿಗೆ ತಂದೆ.

"ಇದಕ್ಕೆ ಮೀನಿನ ಕೈ ಹಾಕಿದ್ದು ಯಾರು?" ಹೂವಿನಿಂದ ಬಂದ ವಾಸನೆಗೆ ಅಜ್ಜಿ ಕೂಗಿಕೊಂಡರು.

ನನ್ನ ಬೆರಳು ಗೇಟಿನ ಹೊರಗಿದ್ದ ಅಕ್ಕನ ಕಡೆ ಹೋಯಿತು. ಅದು ನನ್ನದೇ ಬೆರಳು ಎಂದು ಇವತ್ತಿಗೂ ನಂಬಲಾಗುವುದಿಲ್ಲ.

ಅಕ್ಕ ನನ್ನನ್ನೊಮ್ಮೆ ನೋಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಹೆದರುತ್ತಿದ್ದೆ.

"ಹೌದಮ್ಮ, ನಾನೇ ಮುಟ್ಟಿದ್ದು. ತಂಬಿಲ ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು."

"ಇನ್ನು ಈ ಗೇಟಿನ ಹತ್ರ ಬರ್ಬೇಡ ನೀನು" ಎಂದರು ಅಜ್ಜಿ.

ಅಕ್ಕ ಬುಟ್ಟಿಯನ್ನು ತಲೆಗೇರಿಸಿ ನಡೆದರು. ನನ್ನ ತಪ್ಪನ್ನು ಯಾರಾದರೂ ಹೀಗೆ ಮೈಮೇಲೆ ಎಳೆದುಕೊಂಡಾರು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಓಡಿಹೋಗಿ ಕರೆಯಬಹುದಿತ್ತು… ಕರೆಯಲಿಲ್ಲ.

ಕಾಲೇಜಿಗೆ ಹೋಗುತ್ತಿದ್ದಾಗ ಒಮ್ಮೆ ಬಂದರಿನ ಮಾರ್ಕೆಟಿನಲ್ಲಿ ಅಕ್ಕ ಎದುರಾದರು. ನಾನು ತಪ್ಪಿಸಿಕೊಳ್ಳುವ ಮೊದಲೇ ಕೈ ಹಿಡಿದುಕೊಂಡರು.

"ಆ ಕತೆಯ ಹುಡುಗ ಕಡೆಗೆ ಬಾಯಿ ಬಿಟ್ಟನಾ ಮಗಾ?"

"ಬಿಟ್ಟ ಅಕ್ಕ. ಎಲ್ಲರ ಎದುರು ಹೇಳಿದ."

"ಅಬ್ಬ! ಒಳ್ಳೆ ಹುಡುಗ" ಎಂದು ನಕ್ಕರು. ಆ ನಗುವಿನಲ್ಲಿ ಚೂರೂ ಕೊಂಕು ಇರಲಿಲ್ಲ. ಅದೇ ನನ್ನನ್ನು ಕೊಂದಿತು.

ಅಕ್ಕ ತೀರಿಕೊಂಡರೆಂದು ಮೊನ್ನೆ ಕುದ್ರೋಳಿಯ ಪರಿಚಯದವರೊಬ್ಬರು ಹೇಳಿದರು. ಅಜ್ಜಿ ಹೋಗಿ ವರ್ಷಗಳೇ ಆದವು. ನಾನೀಗ ಬಾಯಿ ಬಿಡುತ್ತಿದ್ದೇನೆ. ಕೇಳಬೇಕಾದವರು ಇಬ್ಬರೂ ಇಲ್ಲ.