ಗುಂಡಿಯಮ್ಮನ ಕ್ರಿಸ್‌ಮಸ್ ಉಡುಗೊರೆಗಳು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ರಿಪೇರಿ ಮಾಡುವ ಹೆಂಗಸಿಗೆ ಗಿರಾಕಿಗಳು ಇಟ್ಟ ಹೆಸರು ಗುಂಡಿಯಮ್ಮ. ಒಗೆಯಲು ಕೊಟ್ಟ ಅಂಗಿಯ ಗುಂಡಿ ಸಡಿಲವಾಗಿದ್ದರೆ ಯಾರನ್ನೂ ಕೇಳದೆ ಬಿಗಿ ಮಾಡುತ್ತಿದ್ದಳು. ಬಿದ್ದುಹೋಗಿದ್ದರೆ ಗುಂಡಿಗಳ ಡಬ್ಬಿ ಕೆದಕಿ ಅದೇ ಬಣ್ಣದ್ದೊಂದನ್ನು ಹುಡುಕಿ ಹಾಕುತ್ತಿದ್ದಳು. ಮದುವೆಯಾಗಿರಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತಾಯಿಯ ಜೊತೆ ಇದ್ದಳು. ಅಕ್ಕ, ಭಾವ ಅದೇ ಊರಿನಲ್ಲಿ. ತಮ್ಮ ಬೇರೆ ಊರಿನಲ್ಲಿ, ಇನ್ನೂ ಒಂಟಿ.

ಯಂತ್ರಕ್ಕೆ ಬೀಳುವ ಮೊದಲು ಪ್ರತಿಯೊಂದು ಬಟ್ಟೆಯೂ ಅವಳ ಕೈ ದಾಟಬೇಕು. ಜೇಬು ತಡವಬೇಕು, ಕಲೆ ಎಲ್ಲಿದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು, ಬಿಟ್ಟ ಹೊಲಿಗೆ ಹಾಕಬೇಕು. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಅವಳಿಗೆ ಜನರ ಮುಖಕ್ಕಿಂತ ಅವರ ಕಾಲರು, ತೋಳು, ಜೇಬುಗಳೇ ಹೆಚ್ಚು ಪರಿಚಯವಾಗಿದ್ದವು. ತೆಳ್ಳಗಾದವರು, ದಪ್ಪಗಾದವರು, ಸಿಗರೇಟು ಬಿಟ್ಟೆ ಎಂದು ಹೆಂಡತಿಯ ಮುಂದೆ ಆಣೆ ಮಾಡಿ ಬಿಡದವರು, ಎಲ್ಲರೂ ಅವಳಿಗೆ ಗೊತ್ತು. ಗೊತ್ತಿದ್ದದ್ದನ್ನು ಆಡುತ್ತಿರಲಿಲ್ಲ. ಅದು ಹೊರಗೆ ಬರುತ್ತಿದ್ದುದು ಡಿಸೆಂಬರಿನಲ್ಲಿ ಮಾತ್ರ, ಉಡುಗೊರೆಯ ರೂಪದಲ್ಲಿ.

ಕ್ರಿಸ್‌ಮಸ್ಸಿಗೆ ಏನು ಕೊಡಬೇಕೆಂದು ಬೇರೆಯವರು ತಲೆ ಕೆರೆದುಕೊಳ್ಳುವ ಹೊತ್ತಿಗೆ ಅವಳ ಪೊಟ್ಟಣಗಳು ಸಿದ್ಧವಾಗಿರುತ್ತಿದ್ದವು. ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಬೇಕೆನ್ನುವ ತಾಯಿಗೆ ಅಗ್ಗದ ಕನ್ನಡಕಗಳನ್ನೇ ತಂದು ಅಡುಗೆಮನೆಗೊಂದು, ಹಾಸಿಗೆಯ ಪಕ್ಕಕ್ಕೊಂದು, ಬಾಗಿಲ ಬಳಿಗೊಂದು ಎಂದು ಕೊಟ್ಟಿದ್ದಳು. ದಿನವಿಡೀ ಕೌಂಟರಿನ ಹಿಂದೆ ನಿಲ್ಲುವ ಅಂಗಡಿಯ ಯಜಮಾನರಿಗೆ ಪಾದದಡಿ ಹಾಕಿಕೊಳ್ಳಲು ದಪ್ಪನೆಯ ರಬ್ಬರ್ ಚಾಪೆ. ಅವಳು ಕಳಿಸುವ ಕಾರ್ಡುಗಳೂ ಹಾಗೆಯೇ. ಅಚ್ಚಾದ ಶುಭಾಶಯದ ಕೆಳಗೆ ಆ ಒಬ್ಬರಿಗೆ ಮಾತ್ರ ಹೊಂದುವ ಒಂದು ಸಾಲು ಇರುತ್ತಿತ್ತು. "ನಿಮ್ಮ ಹಸಿರು ಕೋಟು ಈ ಸಲ ಬರಲೇ ಇಲ್ಲ. ಕೊನೆಗೂ ಅದಕ್ಕೆ ಬಿಡುಗಡೆ ಕೊಟ್ಟಿರಾ?" ಎಂಬಂಥದ್ದು. ಬೇರೆಯವರ ಕಾರ್ಡುಗಳು ರದ್ದಿಗೆ ಹೋದ ಮೇಲೂ ಇವಳವು ಜನರ ಕಪಾಟಿನ ಮೇಲೆ ನಿಂತಿರುತ್ತಿದ್ದವು.

ಭಾವ ಬೋರ್ಡ್ ಬರೆಯುವವರು. ಮುಖ್ಯ ರಸ್ತೆಯ ಬಹುಪಾಲು ಅಂಗಡಿಗಳ ಹೆಸರು ಅವರ ಕುಂಚದಲ್ಲೇ ಮೂಡಿದ್ದು. ಏಣಿ ಹತ್ತಿ, ಗೋಡೆಗೆ ಕೈ ತಾಗಿಸದೆ, ಒಂದೇ ಎಳೆತಕ್ಕೆ ಅಕ್ಷರದ ಬೆನ್ನು ತಿರುಗಿಸುತ್ತಿದ್ದರು. ಬರೆಯುವಾಗ ಕೈ ಊರಿಕೊಳ್ಳಲು ಕೆಲವರು ತುದಿಗೆ ಚರ್ಮದ ಉಂಡೆ ಕಟ್ಟಿದ ಕೋಲು ಇಟ್ಟುಕೊಳ್ಳುತ್ತಾರೆ. ಅಂಥವರನ್ನು ಕಂಡರೆ ಭಾವನಿಗೆ ತಮಾಷೆ. "ಕೋಲು ಊರೋದು ನಡೆಯೋಕೆ, ಬರೆಯೋಕಲ್ಲ" ಎನ್ನುತ್ತಿದ್ದರು.

ಒಂದು ವರ್ಷ, ಒಗೆಯಲು ಬರುವ ಅವರ ಅಂಗಿಗಳ ಬಲತೋಳಿನಲ್ಲಿ ಬಣ್ಣದ ಹನಿಗಳು ಕಾಣತೊಡಗಿದವು. ಅಷ್ಟು ವರ್ಷ ಒಂದು ಚುಕ್ಕೆಯೂ ಇಲ್ಲದ ತೋಳು. ಮೊದಲು ಅಂಚಿನಲ್ಲಿ, ಆಮೇಲೆ ಮೊಣಕೈವರೆಗೆ. ಎದೆಯ ಮೇಲೆ ಚಹಾದ ಕಲೆಗಳೂ ಬಂದವು. ಗುಂಡಿಯಮ್ಮ ಯೋಚಿಸಿದಳು. ಬಡಗಿಯೊಬ್ಬನಿಂದ ಹಗುರ ಮರದ ಕೋಲು ಮಾಡಿಸಿ, ತುದಿಗೆ ಮೃದುವಾದ ಚರ್ಮ ತಾನೇ ಹೊಲಿದಳು. ಒಳ್ಳೆಯ ಕೆಲಸ. ಅವಳಿಗೇ ಹೆಮ್ಮೆಯಾಗಿತ್ತು.

ಕ್ರಿಸ್‌ಮಸ್ ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಸುತ್ತ ಕೂತು ಎಲ್ಲರೂ ಪೊಟ್ಟಣ ಬಿಚ್ಚಿದರು. ಉದ್ದನೆಯ ಪೊಟ್ಟಣ ನೋಡಿ ಭಾವ ನಕ್ಕರು.

"ಏನಮ್ಮಾ ಇದು, ಮೀನು ಹಿಡಿಯೋಕೆ ಕಳಿಸ್ತಿದ್ದೀಯಾ ನನ್ನ?"

ಕಾಗದ ಹರಿಯಿತು. ನಗು ಅರ್ಧಕ್ಕೇ ನಿಂತಿತು.

"ಇದ್ಯಾಕೆ?"

"ಕೈಗೆ ಸ್ವಲ್ಪ ಆಸರೆ ಇರ್ಲಿ ಅಂತ, ಭಾವ. ನಡುಗಿದಾಗ..."

"ಯಾರ ಕೈ ನಡುಗೋದು?" ಎಂದಳು ಅಕ್ಕ.

ಅಕ್ಕ ಗಂಡನ ಕಡೆ ತಿರುಗಿದಳು. ಅವರ ಬಲಗೈ ಆಗಲೇ ಮೇಜಿನ ಕೆಳಗೆ ಹೋಗಿತ್ತು.

"ಯಾರು ಹೇಳಿದ್ರು ನಿಂಗೆ?" ಭಾವ ಕೇಳಿದರು.

"ಯಾರೂ ಹೇಳ್ಲಿಲ್ಲ. ನಿಮ್ಮ ಅಂಗಿ ತೋಳು ನೋಡಿ..."

"ನನ್ನ ಅಂಗಿ ಕೊಟ್ಟಿದ್ದು ಒಗೆಯೋಕೆ. ಓದೋಕಲ್ಲ."

ಎದ್ದು ಕೋಟು ಹಾಕಿಕೊಂಡರು. ಕೋಲನ್ನು ಬಿಟ್ಟು ಹೋಗುತ್ತಾರೆಂದುಕೊಂಡರೆ, ಅದನ್ನೂ ಎತ್ತಿಕೊಂಡೇ ಹೋದರು. ಅಕ್ಕ ಹಿಂದೆಯೇ ಓಡಿದಳು.

ಮರುದಿನ ಅಕ್ಕನ ಫೋನು ಬಂತು. ಭಾವನ ಪರವಾಗಿ ಜಗಳ ಆಡುತ್ತಾಳೆಂದು ಗುಂಡಿಯಮ್ಮ ಸಿದ್ಧಳಾಗಿದ್ದಳು. ಅಕ್ಕನ ಸಂಕಟ ಬೇರೆಯೇ ಇತ್ತು.

"ದಿನಾ ಅವರ ಎದುರಿಗೆ ಕೂತು ಊಟ ಮಾಡೋಳು ನಾನು. ನಂಗೆ ಗೊತ್ತಾಗ್ಲಿಲ್ಲ. ನಿಂಗೆ ಗೊತ್ತಾಯ್ತು. ಚೆನ್ನಾಗಿದೆ ಕಣೇ" ಎಂದು ಇಟ್ಟುಬಿಟ್ಟಳು.

ತಾಯಿ ಎಲ್ಲ ಕೇಳಿಸಿಕೊಂಡು ತಲೆ ಆಡಿಸಿದರು. "ಗುಂಡಿ ಹಾಕೋದಷ್ಟೇ ಅಂದ್ಕೊಂಡಿದ್ದೆ. ಗುಂಡಿ ತೋಡೋದೂ ಬರುತ್ತೆ ನಿಂಗೆ."

ಆಮೇಲಿನ ವರ್ಷಗಳಲ್ಲಿ ಭಾವ ಕ್ರಿಸ್‌ಮಸ್ ಊಟಕ್ಕೆ ಬರಲಿಲ್ಲ. ಅಕ್ಕ ಬಂದು, ಚಹಾ ಕುಡಿದು, ಬೇಗ ಹೊರಡುತ್ತಿದ್ದಳು. ಡಾಕ್ಟರು ನೋಡಿದ್ದಾರೆ, ಜೀವಕ್ಕೇನೂ ಅಪಾಯವಿಲ್ಲ, ಆದರೆ ವಾಸಿಯಾಗುವಂಥದ್ದಲ್ಲ ಎಂಬುದು ತಾಯಿಯ ಮೂಲಕ ತಿಳಿಯಿತು. ಏಣಿ ಹತ್ತುವುದು ನಿಂತಿತ್ತಂತೆ. ಈಗ ಬಾಗಿಲು, ಕಿಟಕಿಗಳಿಗೆ ಬಣ್ಣ ಹೊಡೆಯುತ್ತಿದ್ದರಂತೆ.

ಗುಂಡಿಯಮ್ಮ ಎಲ್ಲರಿಗೂ ಸೋಪು ಕೊಡತೊಡಗಿದಳು. ಒಂದೇ ಬಗೆಯ ಸೋಪು, ಒಂದೇ ಬಣ್ಣದ ಕಾಗದ. ಕಾರ್ಡುಗಳಲ್ಲಿ ಅಚ್ಚಾದ ಶುಭಾಶಯ, ಕೆಳಗೆ ಸಹಿ. ಸೋಪು ಕೊಟ್ಟರೆ ಯಾರೂ ಎದ್ದು ಹೋಗುವುದಿಲ್ಲ. "ನಮ್ಮ ವಂಶದಲ್ಲಿ ಇಷ್ಟು ಶುದ್ಧವಾಗಿ ಯಾರೂ ಬದುಕಿರ್ಲಿಲ್ಲ" ಎಂದರು ತಾಯಿ. ಮಗಳು ನಗಲಿಲ್ಲ.

ಹೀಗೇ ಮೂರ್ನಾಲ್ಕು ವರ್ಷ ಕಳೆದಿರಬೇಕು. ಡಿಸೆಂಬರಿನ ಒಂದು ಮಧ್ಯಾಹ್ನ ಭಾವ ಅಂಗಡಿಗೆ ಬಂದರು. ಕೌಂಟರಿನಲ್ಲಿ ನಿಲ್ಲದೆ, ಹ್ಯಾಂಗರುಗಳ ಸಾಲು ಸರಿಸಿಕೊಂಡು ನೇರ ಹಿಂದಕ್ಕೆ, ಹೊಲಿಗೆ ಯಂತ್ರದ ಬಳಿಗೆ. ಸ್ಟೂಲಿನ ಮೇಲಿದ್ದ ಪ್ಯಾಂಟುಗಳನ್ನು ಎತ್ತಿ ಪಕ್ಕಕ್ಕಿಟ್ಟು ಕೂತರು. ಈ ಸಲ ಕೈ ಬಚ್ಚಿಡಲಿಲ್ಲ. ಅದು ತೊಡೆಯ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು.

"ನಿಮ್ಮಕ್ಕಂಗೆ ಈ ಸಲ ಏನು ಕೊಡ್ಲಿ, ಹೇಳು."

"ನನ್ನ ಕೇಳ್ಬೇಡಿ, ಭಾವ."

"ಮತ್ಯಾರನ್ನ ಕೇಳ್ಲಿ?"

"ಸೋಪು ಕೊಡಿ."

"ಸಾಕು ಮಾಡು ನಿನ್ನ ಸೋಪು. ಮನೇಲಿ ಅಂಗಡಿ ಇಡೋಷ್ಟಿದೆ."

ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ಭಾವನೇ ಮುಂದುವರಿಸಿದರು.

"ಆ ಕೋಲನ್ನ ಅವತ್ತೇ ಮುರಿದು ಬಿಸಾಕಿದೆ. ಆಮೇಲೆ ನಾನೇ ಇನ್ನೊಂದು ಮಾಡ್ಕೊಂಡೆ. ಸಣ್ಣ ಬೋರ್ಡು ಬರೀತೀನಿ ಈಗ, ಕೂತ್ಕೊಂಡು. ನೀನು ಮಾಡಿಸಿದ್ದೇ ಇದಕ್ಕಿಂತ ಚೆನ್ನಾಗಿತ್ತು."

"ಮತ್ತೆ ಅಷ್ಟೊಂದು ಕೋಪ ಯಾಕೆ?"

"ಎಲ್ಲರ ಮುಂದೆ ಬಿಚ್ಚಿಸಿದ್ಯಲ್ಲ. ಇಲ್ಲಿಗೆ ಕರೆದು ಕೈಗೆ ಕೊಟ್ಟಿದ್ರೆ, ಬೈಕೊಂಡಾದ್ರೂ ತಗೊಂಡು ಹೋಗ್ತಿದ್ದೆ."

"ಅದು ನಂಗೆ ಹೊಳೀಲಿಲ್ಲ, ಭಾವ." ಕ್ಷಮೆ ಕೇಳುವ ಮಾತು ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಅವಳ ಕ್ಷಮೆ ಇಷ್ಟೇ ಎಂಬುದು ಅವರಿಗೂ ಅರ್ಥವಾಯಿತು.

ದಾರದ ತುದಿಗೆ ಗಂಟು ಹಾಕಿ ಅವಳೇ ಕೇಳಿದಳು. "ನಿಮ್ಮನೆ ಪೇಪರಿನ ಪದಬಂಧ ಯಾರು ತುಂಬಿಸ್ತಾರೆ?"

"ನಾನೇ. ಮದುವೆಯಾದಾಗಿನಿಂದ ಬೆಳಿಗ್ಗೆ ಚಹಾ ಜೊತೆ ಅದೇ ಕೆಲಸ. ಯಾಕೆ?"

"ಅಕ್ಕನ ಕೋಟು ಚಳಿಗಾಲಕ್ಕೆ ಮುಂಚೆ ಇಲ್ಲಿಗೆ ಬರುತ್ತೆ. ಪ್ರತೀ ಸಲ ಜೇಬಲ್ಲಿ ಹರಿದ ಪದಬಂಧಗಳು." ಅಕ್ಕ ಹಲ್ಲಿನ ಡಾಕ್ಟರೊಬ್ಬರ ಬಳಿ ಬಂದವರ ಹೆಸರು ಕರೆದು ಒಳಗೆ ಕಳಿಸುವ ಕೆಲಸದಲ್ಲಿದ್ದಳು. "ಅಲ್ಲಿ ಕಾಯೋರಿಗೆ ಅಂತ ಹಾಕೋ ಪೇಪರಿಂದ ಹರ್ಕೊಂಡು ಬಸ್ಸಲ್ಲಿ ತುಂಬಿಸ್ತಾಳೆ. ಒಂದು ಮನೆ ಖಾಲಿ ಬಿಡಲ್ಲ."

"ಒಂದು ದಿನಾನೂ ಕೇಳ್ಲಿಲ್ಲ ಅವಳು" ಎಂದರು ಭಾವ. "ನಾನು ತುಂಬಿಸ್ತಿದ್ರೆ ಪಕ್ಕದಲ್ಲಿ ಕೂತು ಸುಮ್ನೆ ನೋಡ್ತಿರ್ತಾಳೆ. ಉತ್ತರ ಗೊತ್ತಿಲ್ಲ ಅಂದ್ಕೊಂಡಿದ್ದೆ."

"ಅವಳ ಹೆಸರಿಗೇ ಇನ್ನೊಂದು ಪೇಪರ್ ಹಾಕಿಸಿ. ನೀವು ಮುಟ್ಬೇಡಿ. ನಾನು ಹೇಳಿದೆ ಅಂತನೂ ಹೇಳ್ಬೇಡಿ."

ಆ ಕ್ರಿಸ್‌ಮಸ್ಸಿಗೆ ಭಾವ ಊಟಕ್ಕೆ ಬಂದರು. ಸೂಪನ್ನು ಚಮಚ ಬಿಟ್ಟು ಲೋಟದಲ್ಲಿ ಕುಡಿದರು. ಯಾರೂ ಅದರ ಮಾತೆತ್ತಲಿಲ್ಲ. ಹೊಸ ವರ್ಷ ಶುರುವಾದ ಮೇಲೆ ಅಕ್ಕ ಫೋನು ಮಾಡಿದಳು.

"ನಿಮ್ಮ ಭಾವಂಗೆ ಏನೋ ಆಗಿದೆ ಕಣೇ. ಮನೆಗೆ ಎರಡೆರಡು ಪೇಪರು. ನನ್ನದರ ಜೊತೆ ಚೂಪು ಮಾಡಿದ ಪೆನ್ಸಿಲ್ ಬೇರೆ. ಇವತ್ತು ನಾನೇ ಮೊದಲು ಮುಗಿಸ್ದೆ. ಅವರ ತಲೆಗೆ ಇದೆಲ್ಲ ಹೊಳೆಯೋದಲ್ಲ. ನೀನೇನಾದ್ರೂ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಅವರೇ ಗಮನಿಸಿರ್ತಾರೆ."

ಅಕ್ಕ ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಗುಂಡಿಯಮ್ಮ ಸೋಪು ಕೊಳ್ಳಲಿಲ್ಲ. ಕಾರ್ಡುಗಳಿಗೆ ಮತ್ತೆ ಒಂದೊಂದು ಸಾಲು ಬಂತು. ಉಡುಗೊರೆಗಳನ್ನು ಮಾತ್ರ ಅಂಚೆಯಲ್ಲಿ, ಹಬ್ಬಕ್ಕೆ ಸಾಕಷ್ಟು ಮೊದಲೇ, ಅವರವರ ವಿಳಾಸಕ್ಕೆ ಕಳಿಸಿದಳು. ಬಿಚ್ಚಿ ನೋಡಿ, ಬೇಕಾದರೆ ಬೈದು, ಬೇಕಾದರೆ ಇಟ್ಟುಕೊಳ್ಳಲಿ. ಅದೇ ಊರಿನ ಅಕ್ಕನ ಮನೆಗೂ ಅಂಚೆಯೇ. ತಮ್ಮನಿಗೆ ಕಳಿಸಿದ್ದು ನಾಯಿಯ ಮೈ ಬಾಚುವ ಬ್ರಷ್ಷು. ಅವನು ಬಂದಾಗ ರಿಪೇರಿಗೆಂದು ಬಿಟ್ಟುಹೋಗಿದ್ದ ಸ್ವೆಟರಿನ ತುಂಬ ಕಂದು ಕೂದಲಿತ್ತು.

ಪೊಟ್ಟಣ ತಲುಪಿದ ದಿನವೇ ತಮ್ಮ ಫೋನು ಮಾಡಿದ.

"ಅಕ್ಕಾ, ನಂಗೆಲ್ಲಿದೆ ನಾಯಿ?"

"ಇಲ್ವಾ? ಹಾಗಾದ್ರೆ ಸ್ವೆಟರ್ ಮೇಲಿನ ಕೂದಲು ಯಾರ ನಾಯೀದು?"

ತಮ್ಮ ದನಿ ತಗ್ಗಿಸಿ ಕೇಳಿದ:

"ಅಮ್ಮ ಪಕ್ಕದಲ್ಲಿ ಇದ್ದಾರಾ?"