ಬರ್ಚ್ ಮರಕ್ಕೆ ಕಟ್ಟಿದ್ದ ನನ್ನ ಆಯುಷ್ಯ

ನನ್ನ ಆಯುಷ್ಯ ಉದುರೋಕೆ ಶುರುವಾಗಿದ್ದು ಜುಲೈ ತಿಂಗಳಲ್ಲಿ. ಹಳದಿ ಎಲೆಯಾಗಿ, ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಮನೆ ಹಿತ್ತಲಲ್ಲಿ.

2006ರ ಮಾತು. ಕಾರಹುಣ್ಣಿಮೆಗೆ ನನ್ನ ಹೆಂಡತಿ ಶಾಂತಾ ವಟಸಾವಿತ್ರಿ ಪೂಜೆ ಮಾಡಿದ್ದಳು. ಗಂಡ ಬಹಳ ಕಾಲ ಬದುಕಲಿ ಅಂತ ಆಲದ ಮರಕ್ಕೆ ದಾರ ಸುತ್ತೋ ಪೂಜೆ. ನಮ್ಮ ಬಿಜಾಪುರದಲ್ಲಾದರೆ ಓಣಿ ದಾಟಿದರೆ ಆಲ. ಇಲ್ಲಿ ಎಲ್ಲಿಂದ ತರೋದು... ಹಿತ್ತಲಲ್ಲಿ ಬಿಳಿ ತೊಗಟೆಯ ಬರ್ಚ್ ಮರ ಒಂದಿತ್ತು, ಅದಕ್ಕೇ ಸುತ್ತಿದಳು.

ದೇವರು ಅಡ್ಜಸ್ಟ್ ಮಾಡ್ಕೋತಾನೆ ಅಂತ ನಾನೂ ಸುಮ್ಮನಿದ್ದೆ.

ಆ ಬೇಸಿಗೆ ಮಳೆನೇ ಇಲ್ಲ. ಲಂಡನ್ನಲ್ಲಿ ಮಳೆ ಇಲ್ಲ ಅಂದ್ರೆ ನಮ್ಮೂರಲ್ಲಿ ಧೂಳಿಲ್ಲ ಅಂದಹಾಗೆ. ಪಾರ್ಕಿನ ಹುಲ್ಲೆಲ್ಲ ಚಪಾತಿ ಬಣ್ಣ. ಅದರ ಮೇಲೆ ಹೋಸ್‌ಪೈಪ್ ಬ್ಯಾನ್ ಬೇರೆ, ಗಿಡಕ್ಕೆ ಪೈಪಲ್ಲಿ ನೀರು ಬಿಡೋ ಹಾಗಿಲ್ಲ.

ಮೊದಲು ತುದಿ ಕೊಂಬೆ ಹಳದಿ ಆಯ್ತು. ಆಮೇಲೆ ಎಲೆ ಉದುರೋಕೆ ಶುರು. ದಾರ ಮಾತ್ರ ಗಟ್ಟಿಯಾಗಿ ಕೂತಿದೆ... ನಾನು ಕಿಟಕಿ ಹತ್ತಿರ ನಿಂತು ಎದೆ ಮುಟ್ಟಿ ಮುಟ್ಟಿ ನೋಡ್ಕೋತಿದೀನಿ.

ನಾನು ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟೋನು. ವಿಜ್ಞಾನ ತಲೆಗೆ ಹತ್ತಲಿಲ್ಲ, ಹೆದರಿಕೆ ಮಾತ್ರ ಡಿಗ್ರಿ ಲೆವೆಲ್‌ಗೆ ಹತ್ತಿದೆ.

ಜಿಪಿ ಹತ್ತಿರ, ಅಂದ್ರೆ ನಮ್ಮ ಏರಿಯಾದ ಡಾಕ್ಟರ ಹತ್ತಿರ ಹೋದೆ. ಏನು ತೊಂದರೆ ಅಂದ್ರು. ಎಲೆ ಉದುರ್ತಿದೆ ಅನ್ನೋಕಾಗುತ್ತಾ? ಸುಸ್ತು ಅಂದೆ. ಬಿಪಿ ನೋಡಿ, ಚೆನ್ನಾಗಿದೀರಿ ಅಂತ ಕಳಿಸಿದ್ರು. ಅವರೇನು ಬಲ್ಲರು.

ಮನೆಗೆ ಬಂದು ಶಾಂತಾಗೆ ಹೇಳಿದೆ, ದಾರ ಬಿಚ್ಚಿ ಪಾರ್ಕಿನ ಓಕ್ ಮರಕ್ಕೆ ಕಟ್ಟು, ಅದು ಗಟ್ಟಿ ಇದೆ ಅಂತ.

"ನಡುವ ಗಂಡನ್ನ ಬದಲಿ ಮಾಡಂಗಿಲ್ಲ, ಗಿಡಾನೂ ಮಾಡಂಗಿಲ್ರಿ. ನಾ ಏಳು ಜನ್ಮಕ್ಕ ಕಟ್ಟೀನಿ, ನೀವು ಒಂದಕ್ಕ ಹಿಂಗ ಹೆದರಿದ್ರ ಹೆಂಗ?"

ಸರಿ, ಸ್ನಾನದ ನೀರನ್ನ ಬಕೆಟ್‌ನಲ್ಲಿ ಹೊತ್ತು ಹಾಕೋಕೆ ಶುರು ಮಾಡಿದೆ. ಬಕೆಟ್ಟಿಗೂ ಬ್ಯಾನ್ ಇದೆಯೇನೋ ಅಂತ ಅತ್ತಿತ್ತ ನೋಡ್ಕೊಂಡು, ದಾರ ಇರೋ ಜಾಗಕ್ಕೇ ಮಗ್‌ನಿಂದ ಅಭಿಷೇಕ ಮಾಡೋ ಥರ.

ಬೇಲಿ ಮೇಲಿಂದ ಪಕ್ಕದ ಮನೆ ಲೀನಾ ಅಜ್ಜಿ ನೋಡೇಬಿಟ್ಟರು. ಫಿನ್‌ಲ್ಯಾಂಡಿನವರು, ನಗೋದು ಅಪರೂಪ.

"ಮಿಸ್ಟರ್ ಪಾಟೀಲ್, ಮರಕ್ಕೆ ಬಾಯಿ ಕಾಂಡದಲ್ಲಿಲ್ಲ. ದೂರದ ಬೇರಿಗೆ ಹಾಕಿ."

ದಾರದ ಕಥೆ ಹೇಳಲೇಬೇಕಾಯ್ತು. ಕೇಳಿ, ಇದು ಚಳಿ ದೇಶದ ಮರ, ಬೇರು ಮೇಲ್ಮೇಲೆ ಇರುತ್ತೆ, ಬರ ತಡ್ಕೊಳ್ಳಲ್ಲ, ನೀರು ಉಳಿಸೋಕೆ ತಾನೇ ಎಲೆ ಬಿಡುತ್ತೆ ಅಂದ್ರು.

"ಹಂಗಾದ್ರೆ ಸತ್ತಿಲ್ಲ?"

"ಇನ್ನೂ ಇಲ್ಲ."

ಆ 'ಇನ್ನೂ' ಕೇಳಿದ್ದೇ ಮಗ್ಗನ್ನ ದೂರದ ಬೇರಿನ ಕಡೆ ತಿರುಗಿಸಿದೆ.

ಅವರ ತಂಗಿ ಊರಿಂದ ಫೋನ್ ಮಾಡಿದ್ದಳಂತೆ. ಅಲ್ಲೂ ಈ ವರ್ಷ ಮಳೆ ಇಲ್ಲ, ಬಂಡೆ ಮೇಲಿನ ಬರ್ಚ್‌ಗಳು ಬೇಸಿಗೆಯಲ್ಲೇ ಕಂದು ಬಣ್ಣಕ್ಕೆ ತಿರುಗಿವೆ. ಸ್ಪ್ರೂಸ್ ಮರಗಳು ಸೋತಿದ್ದು ನೋಡಿ ಹುಳ ತೊಗಟೆ ಒಳಗೆ ನುಗ್ತಿದೆ. ನಾನು ಚಿಕ್ಕವಳಿದ್ದಾಗ ಬೇಸಿಗೆ ಹೀಗಿರಲಿಲ್ಲ, ಇದು ಒಂದು ವರ್ಷದ ಕಥೆ ಅಲ್ಲ ಅಂದ್ರು.

"ಅಲ್ಲಿ ನೀರು ಯಾರು ಹಾಕ್ತಾರೆ?" ಅಂದೆ.

"ಇಡೀ ಕಾಡಿಗಾ? ಬಕೆಟ್ ಹಿಡ್ಕೊಂಡು ನೀವೇ ಹೋಗಿ ಬನ್ನಿ."

ಅವತ್ತೊಂದಿನ ಅವರು ನಕ್ಕರು. ಆಮೇಲೆ ಒಳಗೆ ಹೋಗಿ ತಮ್ಮ ಪಾತ್ರೆ ತೊಳೆದ ನೀರನ್ನೂ ಬೇಲಿ ಮೇಲಿಂದ ದಾಟಿಸಿದ್ರು.

ಬೇಸಿಗೆ ಪೂರ್ತಿ ಹೊತ್ತೆ. ಶಾಂತಾ ಬಾಗಿಲಲ್ಲಿ ನಿಂತು, "ನನಗ ಒಂದಿನಾರ ಹಿಂಗ ನೀರು ಹೊತ್ತು ಕೊಟ್ಟೀರೇನ್ರಿ?" ಅಂತಿದ್ದಳು. ನಾನು ಮುಂದಿನ ಬಕೆಟ್ ತುಂಬೋಕೆ ಹೋಗ್ತಿದ್ದೆ.

ಮುಂದಿನ ವಸಂತಕ್ಕೆ ತುದಿ ಒಣಗಿ ಕಡ್ಡಿ. ಕೆಳಗಿನ ಅರ್ಧ ಮಾತ್ರ ಹಸಿರು.

"ಅರ್ಧ ಉಳದೀರಿ, ಸಾಕಲ್ಲ," ಅಂದಳು ಶಾಂತಾ.

ಕಾರಹುಣ್ಣಿಮೆಗೆ ಮತ್ತೆ ಅದಕ್ಕೇ ದಾರ ಸುತ್ತಿದಳು. ಉಳಿದ ತುಂಡು ತಗೊಂಡು ನಾನೂ ಒಂದು ಸುತ್ತು ಕಟ್ಟಿದೆ.

"ಇದು ಯಾರ ಆಯುಷ್ಯಕ್ಕ?"

"ಮರದ್ದು."

"ಅಲ್ರೀ, ಮರಾ ತನ್ನ ಆಯುಷ್ಯ ತಾನ ಕೊಟ್ಕೋಬೇಕೇನು?"

ನನಗೆ ಇವತ್ತಿಗೂ ಹೊಳೆದಿಲ್ಲ... ಮರಕ್ಕಾಗಿ ಬೇಡ್ಕೋಬೇಕಾದ್ರೆ ದಾರ ಯಾರಿಗೆ ಕಟ್ಟಬೇಕು, ನಿಮಗೇನಾದ್ರೂ ಗೊತ್ತಾ?